ಚಾಂದ್ ಸಾಹೇಬರ ಕರಿ ಉಸುಕು

ಆ ದಿನ ಏನೇನು ಕೆಡಬಹುದೆಂದು ನಾನು ಒಂದು ವಾರ ಮುಂಚಿನಿಂದಲೇ ಎಣಿಸುತ್ತಿದ್ದೆ. ದೇವದುರ್ಗದ ರಸ್ತೆಯಲ್ಲಿ ಜೀಪು ಪಂಕ್ಚರ್ ಆಗಬಹುದು. ಬೋರಿನ ಕೈಪಂಪಿನ ಹಿಡಿಕೆ ಮುರಿಯಬಹುದು. ಬೆಂಗಳೂರಿನಿಂದ ಬರುವ ದೊಡ್ಡ ಎಂಜಿನಿಯರರ ಹೊಟ್ಟೆ ಕೆಡಬಹುದು. ತಾನಾಗಿ ಕೆಡದಿದ್ದರೆ ಊರವರು ಮಿರ್ಚಿ ಭಜಿ ತಿನ್ನಿಸಿ ಕೆಡಿಸಬಹುದು. ಚಾಂದ್ ಸಾಹೇಬರು ಅವರನ್ನು ಎದುರಿಗೇ ದಡ್ಡ ಎನ್ನಬಹುದು. ಹಾಗೆ ಅಂದ ದಾಖಲೆಗಳಿದ್ದವು.

ಚಾಂದ್ ಸಾಹೇಬರು ರಾಯಚೂರಿನಲ್ಲಿ ನಮ್ಮ ನೀರು ಪರೀಕ್ಷೆಯ ಕಚೇರಿಯ ಕೆಮಿಸ್ಟ್. ಮಾನ್ವಿಯವರು. ನಾನು ಅವರ ಕೈಕೆಳಗಿನ ಗುಮಾಸ್ತ. ಕಾಳಜಿ ಮಾಡುವುದೇ ನನ್ನ ಮುಖ್ಯ ಕೆಲಸ, ಸಂಬಳ ಮಾತ್ರ ಬೇರೆ ಕೆಲಸಕ್ಕೆ ಬರುತ್ತಿತ್ತು. ಸಾಹೇಬರ ಜೇಬಿನಲ್ಲಿ ಸದಾ ಬಿಳಿ ಕರ್ಚೀಫುಗಳು. ಯಾವ ಊರಿಗೆ ಹೋದರೂ ಅಲ್ಲಿನ ನೀರಿಗೆ ಚಿಟಿಕೆ ಸೋಡಾ, ಚಿಟಿಕೆ ಬ್ಲೀಚಿಂಗ್ ಪುಡಿ ಹಾಕಿ ಕರ್ಚೀಫು ಅದ್ದುವರು. ನೀರಿನಲ್ಲಿ ಮ್ಯಾಂಗನೀಸ್ ಎಂಬ ಖನಿಜ ಇದ್ದರೆ ಬಟ್ಟೆಗೆ ಕಂದುಗಪ್ಪು ಕಲೆ ಕೂರುತ್ತಿತ್ತು. "ನಮ್ಮ ಮನ್ಯಾಗ ಹಗ್ಗದ ಮ್ಯಾಲ ಒಣಗೋದು ಅರಿವಿ ಅಲ್ರೀ, ಜಿಲ್ಲಾದ ನಕ್ಷಾ" ಎಂದು ಅವರ ಬೇಗಂ ಪರದೆಯ ಹಿಂದಿನಿಂದಲೇ ಗೊಣಗುವರು.

ಇನ್ನೊಂದು ಗುಣ ಅವರ ಅದಬು. ಪರಸ್ತ್ರೀಯರೆದುರು ತಲೆ ಎತ್ತುತ್ತಿರಲಿಲ್ಲ, ಮಾತಾಡುವುದಂತೂ ದೂರವೇ ಉಳಿಯಿತು. ಗಂಡಸರ ಮುಂದೆ ಮಾತ್ರ ಅವರ ನಾಲಿಗೆಗೆ ಬ್ರೇಕ್ ಇರಲಿಲ್ಲ.

ದೇವದುರ್ಗದ ಕಡೆಯ ಆ ಊರಿನ ನೀರಿನಲ್ಲಿ ಅನ್ನ ಬೂದಿಬಣ್ಣಕ್ಕೆ ತಿರುಗುತ್ತಿತ್ತು, ಧೋತರ ಎರಡೇ ಒಗೆತಕ್ಕೆ ಕರಿಯಾಗುತ್ತಿತ್ತು. ಸಾಹೇಬರು ಮೇಲಿನವರನ್ನು ಕಾಡಿ ಬೇಡಿ ಪಂಪಿನ ಪಕ್ಕ ಎರಡು ತೊಟ್ಟಿ ಕಟ್ಟಿಸಿದರು. ತೂತಿನ ತಟ್ಟೆಗಳಿಂದ ಹನಿಯಾಗಿ ಬಿದ್ದ ನೀರಿನ ಕಬ್ಬಿಣ ಮೊದಲ ತೊಟ್ಟಿಯಲ್ಲಿ ಕೆಂಪಾಗಿ ಕೂರಬೇಕು; ಎರಡನೆಯದರ ಉಸುಕಿನಲ್ಲಿ ಮ್ಯಾಂಗನೀಸ್ ಸಿಕ್ಕಿಕೊಳ್ಳಬೇಕು. ತಿಂಗಳುಗಟ್ಟಲೆ ಸಿಕ್ಕಿಕೊಳ್ಳಲಿಲ್ಲ. ಕಚೇರಿಯಲ್ಲಿ ಅವರಿಗೆ 'ಉಸುಕಿನ ಸಾಹೇಬ' ಎಂದು ಹೆಸರು ಬಿತ್ತು.

"ಕಬ್ಬಿಣ ಪಾಪದ್ದು ಮಿಯಾ, ಗಾಳಿ ಬಡದ್ರ ಸಾಕು, ಕುಂಡರತದ. ಮ್ಯಾಂಗನೀಸ್ ಹಂಗಲ್ಲ. ಹೊಸ ಊರಿಗೆ ಬಂದ ಸೊಸಿ ಇದ್ದಂಗ. ತನ್ನವರು ಮೊದಲ ಕುಂತಿದ್ರ ಮಾತ್ರ ತಾನೂ ಕುಂಡರತದ" ಎಂದು ಸಾಹೇಬರು ನನಗೆ ಬಿಡಿಸಿ ಹೇಳುವರು.

ಮೆಲ್ಲಗೆ ಉಸುಕಿನ ಹರಳುಗಳಿಗೆ ಕರಿ ಲೇಪ ಹತ್ತಿತು. ಆ ಕರಿಯೇ ನೀರಿನೊಳಗಿನ ಮ್ಯಾಂಗನೀಸನ್ನು ಎಳೆದುಕೊಳ್ಳತೊಡಗಿತು. ಒಂದು ಮಧ್ಯಾಹ್ನ ಕರ್ಚೀಫು ಬೆಳ್ಳಗೆ ಹೊರಬಂತು. ಸಾಹೇಬರು ಅದನ್ನು ತಲೆಯ ಮೇಲೆ ಹೊದ್ದುಕೊಂಡು ಊರ ಕಟ್ಟೆಗೆ ಹೋಗಿ ಕೂತರು, ಅಲ್ಲಿದ್ದ ಗಂಡಸರಿಗೆಲ್ಲ ಹೇಳಿದರು: "ಈ ಕರೀದು ಹೊಲಸಲ್ಲ. ಇದೇ ದವಾ. ಯಾರೂ ಮುಟ್ಟಬ್ಯಾಡ್ರಿ." ಗಂಡಸರು ಬೀಡಿ ಸೇದುತ್ತ ತಲೆಯಾಡಿಸಿದರು. ಆ ಊರಿನಲ್ಲಿ ನೀರು ತರುವವರು ಗಂಡಸರಲ್ಲ.

ಬೆಂಗಳೂರಿನ ದೊಡ್ಡ ಎಂಜಿನಿಯರು ಬಂದು ನೋಡಿ ಒಪ್ಪಿದರೆ ಇದೇ ಗೋಳಿನ ಉಳಿದ ಊರುಗಳಿಗೂ ತೊಟ್ಟಿ ಸಿಗುತ್ತಿತ್ತು. ಇಲ್ಲದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಸಾಹೇಬರ ನೌಕರಿಗೂ ಕೊನೆಯ ವರ್ಷ.

ಜೀಪು ಪಂಕ್ಚರ್ ಆಗಲಿಲ್ಲ. ಹಿಡಿಕೆ ಮುರಿಯಲಿಲ್ಲ. ಎಂಜಿನಿಯರು ಎರಡು ತಟ್ಟೆ ಮಿರ್ಚಿ ತಿಂದು ಜೀರ್ಣಿಸಿಕೊಂಡರು. ಸಾಹೇಬರು ಯಾರನ್ನೂ ದಡ್ಡ ಎನ್ನಲಿಲ್ಲ. ಹೊಸ ಕರ್ಚೀಫು ತೆಗೆದು, ಮದುವೆಯ ಶಾಲು ಬಿಚ್ಚಿದಂತೆ ಬಿಚ್ಚಿ, ನೀರಿಗೆ ಅದ್ದಿದರು.

ಕರ್ಚೀಫು ಕರಿಯಾಯಿತು.

"ಇದಕ್ಕಾ ಇಷ್ಟು ಸಿಮೆಂಟ್ ಹಾಕಿದ್ದು?" ಎಂದು ಎಂಜಿನಿಯರು ಕರ್ಚೀಫಿನ ತುದಿ ಎರಡು ಬೆರಳಲ್ಲಿ ಹಿಡಿದು ಕೇಳಿದರು, ಉತ್ತರಕ್ಕೆ ಕಾಯದೆ ತಮ್ಮ ಕಾರು ಹತ್ತಿದರು.

ಸಾಹೇಬರು ಎರಡನೆಯ ತೊಟ್ಟಿಯ ಮುಚ್ಚಳ ಸರಿಸಿದರು. ಒಳಗೆ ಉಸುಕು ಸಕ್ಕರೆಯಂತೆ ಹೊಳೆಯುತ್ತಿತ್ತು. ಹನುಮವ್ವ ಎಂಬ ಮುದುಕಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಹೆಂಗಾಗ್ಯದ್ರೀ ಯಪ್ಪಾ? ಮಸಿ ಹಿಡದಿತ್ತು ನೋಡ್ರಿ. ದೊಡ್ಡ ಸಾಹೇಬ್ರು ಬರ್ತಾರಂತ ಓಣಿ ಹೆಣ್ಮಕ್ಕಳೆಲ್ಲಾ ಸೇರಿ ಹುಣಸಿಹಣ್ಣು ಹಚ್ಚಿ, ಹಿತ್ತಾಳಿ ಕೊಡ ತಿಕ್ಕಿದಂಗ ತಿಕ್ಕೀವಿ. ನಿಮ್ಮ ಮರ್ಯಾದಿ ಪ್ರಶ್ನಾ ಅಲ್ಲೇನ್ರೀ!"

ಅವಳ ಬೆರಳುಗಳು ಹುಳಿಗೆ ಸುಲಿದಿದ್ದವು. ಸಾಹೇಬರು ಮೊದಲ ಸಲ ಆ ಊರಿನ ಹೆಂಗಸೊಬ್ಬಳ ಮುಖ ನೋಡಿದರು.

"ಭಾಳ ಛಲೋ ಆಗ್ಯದ, ಯವ್ವಾ" ಎಂದರು.

ಜೀಪಿನಲ್ಲಿ ಸಾಹೇಬರದು ಒಂದೇ ಮಾತು: "ಕಟ್ಟಿ ಮ್ಯಾಲ ಹೇಳಿದೆ ಮಿಯಾ. ಪಂಪಿನ ಹತ್ರ ಹೇಳಲಿಲ್ಲ."

ನಿವೃತ್ತರಾಗಿ ಮಾನ್ವಿಗೆ ಹೋದವರು ಹೆಚ್ಚು ದಿನ ಬದುಕಲಿಲ್ಲ. ಅವರನ್ನು ಮಣ್ಣು ಮಾಡಿದ ಮರುವರ್ಷ ಬೇರೆ ಕೆಲಸಕ್ಕೆಂದು ಆ ಊರಿಗೆ ಹೋಗಿದ್ದೆ. ತೊಟ್ಟಿ ಹಾಗೇ ಇತ್ತು. ಅನ್ನವೂ ಹಾಗೇ ಇತ್ತು, ಬೂದಿಬಣ್ಣ. ಹನುಮವ್ವ ಗುರುತು ಹಿಡಿದಳು.

"ಸಾಹೇಬ್ರು ಯಾಕ ಬರವಲ್ರು? ಬಂದು ನೋಡ್ರಿ ಅಂತ ಹೇಳ್ರಿ. ಅಮಾಸಿಗೊಮ್ಮೆ ನಾವು ಉಸುಕು ತೊಳಿಯೋದು ತಪ್ಪಿಸಿಲ್ಲ."