ಯಾರ ಹೆಸರು ಬಿಟ್ಟೈತೆ ನೋಡ್ರಿ

ದಾವಣಗೆರೆಯಲ್ಲಿ ನಾನು ಬಿ.ಎಡ್. ಮುಗಿಸುವ ವರ್ಷ ನಮ್ಮ ಮೇಡಂ ಒಂದು ದಿನ ತರಗತಿಗೆ ಬಂದು, ಈ ಸಲ ಚಾರ್ಟು ಬೇಡ, ಥರ್ಮಾಕೋಲು ಬೇಡ, ಒಂದೊಂದು ಗುಂಪು ಒಂದೊಂದು ಊರಿನ ಬಗ್ಗೆ ವಿಕಿ ಪುಟ ಮಾಡಿ ಎಂದರು. ಥರ್ಮಾಕೋಲು ಕೊಯ್ದು ಕೊಯ್ದು ಬೆರಳು ಸವೆಸಿಕೊಂಡಿದ್ದ ನಮಗೆ ಮೊದಲು ಖುಷಿಯೇ ಆಯಿತು. ವಿಕಿ ಪುಟ ಅಂದರೆ ದೊಡ್ಡ ವಿದ್ಯೆ ಏನಲ್ಲ. ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಇರುತ್ತದೆ, ಅದರ ಲಿಂಕ್ ಇದ್ದವರು ಯಾರು ಬೇಕಾದರೂ ತೆರೆದು ಬರೆಯಬಹುದು, ತಿದ್ದಬಹುದು, ಅಳಿಸಬಹುದು. ಯಾರು ಯಾವಾಗ ಏನು ಮಾಡಿದರು ಅನ್ನುವುದು ಹಿಂದೆ ದಾಖಲಾಗುತ್ತಾ ಹೋಗುತ್ತದೆ. ಬೇಡ ಅನ್ನಿಸಿದರೆ ಪುಟವನ್ನು ಹಳೆಯ ರೂಪಕ್ಕೆ ವಾಪಸ್ ಒಯ್ಯಬಹುದು. "ಎಲ್ಲರೂ ಸೇರಿ ಬರೆಯೋದೇ ಇದರ ಸೊಗಸು," ಎಂದರು ಮೇಡಂ. ನಮ್ಮೂರವರು ಎಲ್ಲರೂ ಸೇರಿದರೆ ಏನಾಗುತ್ತದೆ ಅಂತ ಅವರಿಗೇನು ಗೊತ್ತು!

ನಮ್ಮ ಗುಂಪಿನಲ್ಲಿ ಮೂವರು. ನಾನು, ಹರಿಹರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಗೆಳತಿ, ಮತ್ತೆ ಫೋಟೋ ತೆಗೆಯುವುದರಲ್ಲಿ ಕೈ ಪಳಗಿದ್ದ ಮಾಯಕೊಂಡದ ಒಬ್ಬ ಸಹಪಾಠಿ. ಮಾಯಕೊಂಡ ಹೋಬಳಿ ಕೇಂದ್ರ, ಬರೆಯಲು ಬೇಕಾದಷ್ಟಿದೆ ಎಂದು ಅವನು. ಹರಿಹರಕ್ಕೆ ಏನು ಕಡಿಮೆ ಎಂದು ಇವಳು. ನಾನು ಇಬ್ಬರ ಮಾತೂ ಕೇಳದೆ ಭಾನುವಳ್ಳಿ ಅಂತ ಹಟ ಹಿಡಿದು ಕೂತೆ. ಅದು ನನ್ನ ಊರು. ಓದಿಗಾಗಿ ನಿಜಲಿಂಗಪ್ಪ ಬಡಾವಣೆಯ ಸೋದರಮಾವನ ಮನೆಯಲ್ಲಿದ್ದೆನಾದರೂ ಊರಿನ ಮಾತು ಬಂದರೆ ನನಗೆ ಮೈಮೇಲೆ ಬರುತ್ತಿತ್ತು. ಕಡೆಗೆ ಅವರಿಬ್ಬರೂ "ಆತು ಮಾರಾಯ್ತಿ, ನಿಮ್ಮೂರೇ ಇರ್ಲಿ" ಅಂದು ಕೈಮುಗಿದರು.

ಊರು ಎಲ್ಲಿದೆ, ಕಾಲುವೆ ಹೇಗೆ ಹರಿಯುತ್ತದೆ, ಭತ್ತ ಯಾವಾಗ ನಾಟಿ ಮಾಡುತ್ತಾರೆ, ಅಂಗಡಿಗಳೆಷ್ಟು ಬಗೆ, ಹರಿಹರಕ್ಕೆ ಬಸ್ಸು ಹೇಗೆ, ಇಷ್ಟನ್ನು ಬರೆದು ಮುಗಿಸಿದೆವು. ಮೇಡಂ ಓದಿ, "ಎಲ್ಲ ಇದೆ. ಆದ್ರೆ ಊರಲ್ಲಿ ಜನಾನೇ ಇಲ್ವಲ್ಲ?" ಎಂದರು. ಮಾತು ನಿಜ. ಓದಿದರೆ ಭೂಮಾಪನದವರು ಬರೆದ ಹಾಗಿತ್ತು. ಆಗ ನಾನು ಅವ್ವನ ಬಗ್ಗೆ ಬರೆದೆ.

ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ನಾಟಿ ಹಂಗಾಮಿನಲ್ಲಿ ಗದ್ದೆಗೆ ಹೋಗುವ ಹೆಂಗಸರು ಎಳೆಗೂಸುಗಳನ್ನು ನಮ್ಮ ಪಡಸಾಲೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಅವ್ವ ತೊಲೆಗೆ ಹಳೆಯ ಸೀರೆಗಳನ್ನು ಸಾಲಾಗಿ ಕಟ್ಟಿ ಜೋಲಿ ಮಾಡಿ, ಕೂಸುಗಳನ್ನು ಅದರಲ್ಲಿ ಮಲಗಿಸುತ್ತಿದ್ದಳು. ಒಂದು ಅತ್ತರೆ ಎಲ್ಲವೂ ಶುರು. ಅವ್ವ ಒಂದನ್ನು ಸೊಂಟದಲ್ಲಿ ಎತ್ತಿಕೊಂಡು, ಇನ್ನೊಂದನ್ನು ಕಾಲಿನಿಂದ ತೂಗುತ್ತಾ, ಮೂರನೆಯದಕ್ಕೆ ರಾಗಿ ಗಂಜಿ ಕುಡಿಸುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾವ ಮನೆಯ ಕೂಸು ಅಂತಲೂ ನೋಡದೆ ಎತ್ತಿಕೊಳ್ಳುತ್ತಾಳೆ ಎಂದು ಅಜ್ಜಿ ಗೊಣಗುತ್ತಿದ್ದಳು. ಅವ್ವ ಕೇಳಿಸಲಿಲ್ಲ ಅನ್ನುವ ಹಾಗೆ ಇನ್ನೊಂದು ಕೂಸಿನ ಮೂಗು ಒರೆಸುತ್ತಿದ್ದಳು. ಮಂಡಿ ನೋವು ಬಂದ ಮೇಲೆ ಅದೆಲ್ಲ ನಿಂತಿತು, ಊರೂ ಮರೆಯಿತು. ಈಗ ಯಾರಾದರೂ ಕೇಳಿದರೆ, ಹೌದಲ್ಲ, ಹಂಗೊಂದು ಇತ್ತು, ಅನ್ನುತ್ತಾರೆ ಅಷ್ಟೆ.

ಬರೆದಿದ್ದನ್ನು ಫೋನಿನಲ್ಲಿ ಅವ್ವನಿಗೆ ಓದಿ ಹೇಳಿದೆ.

"ನನ್ನ ಹೆಸರು ಹಾಕೀಯಾ?" ಎಂದಳು.

"ಇಲ್ಲವ್ವ. ‘ಊರಿನ ಒಬ್ಬ ಗೃಹಿಣಿ’ ಅಂತ ಹಾಕೀನಿ."

"ಹಂಗಂದ್ರೆ ಯಾರಂತ ಗೊತ್ತಾಗತೈತೆ?" ಎಂದು ಕೇಳಿ, "ಆಗೋದಾದ್ರೆ ಹಾಕು. ನಂದೇ ಹೆಸರು. ನಿಮ್ಮಪ್ಪಂದು ಬ್ಯಾಡ," ಎಂದಳು.

ನಮ್ಮ ಮನೆಯ ಯಾವ ಆಮಂತ್ರಣ ಪತ್ರಿಕೆಯಲ್ಲೂ ಅವ್ವನ ಹೆಸರು ಅಚ್ಚಾದದ್ದಿಲ್ಲ. ಅಕ್ಕನ ಮದುವೆಯದರಲ್ಲೂ ಅವಳು ‘ಶ್ರೀಮತಿ ಮತ್ತು’ ಅಷ್ಟೆ, ಮುಂದೆ ಅಪ್ಪನ ಹೆಸರು. ಈ ಜನ್ಮದಲ್ಲಿ ನನ್ನನ್ನು ಏನನ್ನೂ ಕೇಳದವಳು ಕೇಳಿದ್ದು ಇದೊಂದು. ಹೆಸರು ಹಾಕಿದೆ, ದಪ್ಪಕ್ಷರದಲ್ಲಿ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಕಾಲುವೆಯ ವಿಷಯ ಸರಿ ಇದೆಯೋ ಇಲ್ಲವೋ ನೋಡಿಸಿಕೊಳ್ಳಲು ಪುಟದ ಲಿಂಕನ್ನು ದೊಡ್ಡಪ್ಪನಿಗೆ ಕಳಿಸಿದೆ. ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ಊರಿನ ಹಿರಿಯ. ನಮ್ಮೂರಿನಲ್ಲಿ ಮದುವೆಯ ಪತ್ರಿಕೆ ಇರಲಿ, ಗೃಹಪ್ರವೇಶದ್ದಿರಲಿ, ಹರಿಹರದ ಪ್ರೆಸ್ಸಿನಿಂದ ಪ್ರೂಫ್ ಬಂದರೆ ಮೊದಲು ದೊಡ್ಡಪ್ಪನ ಕೈಗೆ. ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತು ಯಾರ ಹೆಸರು ಬಿಟ್ಟಿದೆ, ಯಾರದು ಮೇಲೆ ಬರಬೇಕು, ಯಾರದು ಕೆಳಗಾದರೂ ನಡೆದೀತು ಅಂತ ನೋಡಿ ಪೆನ್ನಿನಲ್ಲಿ ಗುರುತು ಮಾಡುತ್ತಾರೆ. ಒಂದು ಹೆಸರು ಬಿಟ್ಟರೂ ಆ ಮನೆಯವರು ಮದುವೆಗೆ ಕಾಲಿಡುವುದಿಲ್ಲ. ದೊಡ್ಡಪ್ಪ ನಮ್ಮ ಪುಟವನ್ನು ತೆರೆದು ನೋಡಿದರು. ಅದರಲ್ಲಿ ಒಂದು ಹೆಸರು ಕಂಡಿತು. ತಿದ್ದಬಹುದು ಅನ್ನುವುದೂ ಕಂಡಿತು. ಊರಿನ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟರು: "ನಮ್ಮೂರಿನ ಪುಟದ ಪ್ರೂಫ್ ಬಂದೈತೆ. ಯಾರ ಹೆಸರು ಬಿಟ್ಟೈತೆ ನೋಡ್ರಿ, ಸೇರಿಸ್ರಿ."

ಸೇರಿಸಿದರು ನೋಡಿ! ನಾನು ಕ್ಲಾಸಿನಲ್ಲಿ ಕೂತಿದ್ದಾಗ ಫೋನು ಒಂದೇ ಸಮನೆ ನಡುಗುತ್ತಿತ್ತು. ತೆರೆದರೆ ಕಾಲುವೆಯ ಕೆಳಗೆ ‘ಗ್ರಾಮದ ಹಿರಿಯರು’, ಅದರ ಕೆಳಗೆ ಮಾಜಿಗಳು, ಹಾಲಿಗಳು, ಯುವ ಮುಖಂಡರು, ಹಿತೈಷಿಗಳು. ಯಾರೋ ಪುಣ್ಯಾತ್ಮರು ಕೊನೆಗೆ ‘ಸುಖಾಗಮನ ಬಯಸುವವರು’ ಎಂದು ಹಾಕಿ ತಮ್ಮ ಮನೆಮಂದಿಯನ್ನೆಲ್ಲ ಕೂರಿಸಿದ್ದರು. ಇನ್ನೊಬ್ಬರು ಬಿಳಿ ಅಂಗಿ, ಕರಿ ಕನ್ನಡಕ ಹಾಕಿ ಕೈಮುಗಿದ ತಮ್ಮ ಫೋಟೋವನ್ನು ಭತ್ತದ ಗದ್ದೆಯ ಚಿತ್ರದ ಪಕ್ಕ ಇಟ್ಟಿದ್ದರು.

"ಊಟದ ಟೈಮ್ ಒಂದು ಹಾಕ್ಬಿಟ್ರೆ ಸೀದಾ ಲಗ್ನಕ್ಕೆ ಹೋಗ್ಬೋದು ನೋಡು," ಅಂದಳು ಹರಿಹರದ ಗೆಳತಿ. ಮೊದಲು ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಎರಡು ಮನೆತನದವರು ಒಬ್ಬರ ಹೆಸರನ್ನು ಒಬ್ಬರು ಕೆಳಗೆ ತಳ್ಳಲು ಶುರು ಮಾಡಿದರು. ನಾವು ಅಳಿಸುವುದು, ಅವರು ಹಾಕುವುದು. ಅಳಿಸಿ ಅಳಿಸಿ ನನಗೆ ರೇಗಿಹೋಯಿತು. ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ದೊಡ್ಡಪ್ಪ, ಅದು ಪತ್ರಿಕೆ ಅಲ್ರಿ. ನಮ್ಮ ಪರೀಕ್ಷೆದು."

"ಗೊತ್ತೈತೆ ತಂಗಿ. ಊರಿನ ಪುಟ ಅಂದಮ್ಯಾಲೆ ಊರ ಮಂದಿ ಇರಬ್ಯಾಡೇನು?"

"ಎಲ್ಲರ ಹೆಸರು ಹಾಕಿದ್ರೆ ಮೇಡಂ ಒಪ್ಪಾದಿಲ್ರಿ. ತೆಗೀಬೇಕು."

"ತೆಗಿ ಮತ್ತೆ. ನಿಮ್ಮವ್ವಂದೂ ತೆಗಿ." ದೊಡ್ಡಪ್ಪ ದನಿ ಏರಿಸಲಿಲ್ಲ. "ಮನೆ ಸೊಸೆ ಹೆಸರು ಇಟ್ಟು ಹಿರಿಯರದ್ದು ತೆಗೆದ್ರೆ ನಾನು ನಾಳೆ ಕಟ್ಟೆ ಮ್ಯಾಲೆ ಹೆಂಗೆ ಕೂಡ್ಲಿ? ನೀನೇ ಹೇಳು."

ಅವರ ಲೆಕ್ಕದಲ್ಲಿ ಅದು ನ್ಯಾಯವೇ.

ಮಾರನೆಯ ದಿನ ಮೇಡಂ ನಮ್ಮ ಮೂವರನ್ನೂ ಕರೆಸಿದರು. "ಏನ್ರಿ ಇದು, ಪುಟಾನೋ ಬ್ಯಾನರ್ರೋ?" ಎಂದರು. ಅಚ್ಚಾದ ಆಧಾರ ಇಲ್ಲದ ಒಂದೇ ಒಂದು ಹೆಸರೂ ಪುಟದಲ್ಲಿ ಇರಕೂಡದು, ಇದ್ದರೆ ಮೂವರಿಗೂ ಅಂಕ ಇಲ್ಲ ಎಂದರು. ನಾನು ಅವ್ವನ ಮಾತೆತ್ತಿದೆ.

"ಆಧಾರ ಏನಿದೆ?"

"ನಾನೇ ನೋಡಿದ್ದೀನಿ ಮೇಡಂ."

"ನೀವು ಮಗಳು."

"ಕೂಸು ಬಿಟ್ಟುಹೋಗ್ತಿದ್ದ ಹೆಂಗಸರಿದ್ದಾರೆ ಮೇಡಂ. ಬೇಕಿದ್ರೆ ಕೇಳಿ, ಹೇಳ್ತಾರೆ."

"ಅವರು ಹೇಳಿದ್ದು ಎಲ್ಲಾದ್ರೂ ಪ್ರಿಂಟ್ ಆಗಿದೆಯಾ? ನಿಮ್ಮ ತಾಯಿಗೊಂದು ರೂಲ್, ನಿಮ್ಮ ದೊಡ್ಡಪ್ಪಂಗೊಂದು ರೂಲ್ ಮಾಡೋಕಾಗುತ್ತಾ? ಯೋಚ್ನೆ ಮಾಡಿ."

ಮೇಡಂ ಕೆಟ್ಟವರಲ್ಲ. ಅವರ ಮಾತಿನಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಎರಡು ದಿನ ಟೈಮು ಕೊಟ್ಟರು. ನಾನು ಹುಚ್ಚಿಯ ಹಾಗೆ ಹುಡುಕಿದೆ. ಪಂಚಾಯ್ತಿಯಲ್ಲಿ ಕೇಳಿಸಿದೆ, ಅಂಗನವಾಡಿಯಲ್ಲಿ ಕೇಳಿಸಿದೆ. ಸೀರೆ ಕಟ್ಟಿ ಕೂಸು ತೂಗಿದ್ದನ್ನು ಯಾರು ಬರೆದಿಡುತ್ತಾರೆ? ಮಾಯಕೊಂಡದ ಸಹಪಾಠಿ ಫೋಟೋ ಆದರೂ ಇರಬಹುದು ನೋಡು ಅಂದ. ಸೋದರಮಾವನ ಮನೆಯ ಆಲ್ಬಮ್ಮಿನಲ್ಲಿ ಒಂದು ಸಿಕ್ಕಿತು. ನಮ್ಮ ಪಡಸಾಲೆಯಲ್ಲಿ ತೆಗೆದದ್ದು, ನನ್ನ ಮೊದಲನೆಯ ಹುಟ್ಟುಹಬ್ಬದ್ದು. ನಾನು ಬಾಯಿ ತೆರೆದು ಅಳುತ್ತಿದ್ದೇನೆ, ಹಿಂದೆ ತೊಲೆಯಿಂದ ಒಂದು ಸೀರೆ ಇಳಿಬಿದ್ದಿದೆ. ಜೋಲಿಯ ಕೆಳಭಾಗ ಫೋಟೋದಲ್ಲಿ ಬಂದಿಲ್ಲ.

ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಸೀರೆ ಕಾಣ್ತಿದೆ. ಒಣಗ ಹಾಕಿರಬಹುದಲ್ವಾ?" ಎಂದು ವಾಪಸ್ ಕೊಟ್ಟರು.

ಅಷ್ಟರಲ್ಲಿ ಊರಿನವರು ಮತ್ತೆ ಶುರು ಹಚ್ಚಿಕೊಂಡಿದ್ದರು. ಮೇಡಂಗೂ ಸಾಕಾಗಿರಬೇಕು. ಅವರೇ ಪುಟವನ್ನು ಹಳೆಯ ರೂಪಕ್ಕೆ ಒಯ್ದು, ಬೇರೆ ಯಾರೂ ಮುಟ್ಟದ ಹಾಗೆ ಬೀಗ ಹಾಕಿದರು. ಅವರು ಹಿಂದಕ್ಕೆ ಹೋಗಿದ್ದು ನಮ್ಮ ಮೊಟ್ಟಮೊದಲನೆಯ ರೂಪಕ್ಕೆ. ಹೆಸರೊಂದೇ ಹೋಗಿದ್ದರೆ ‘ಒಬ್ಬ ಗೃಹಿಣಿ’ಯಾದರೂ ಉಳಿಯುತ್ತಿದ್ದಳು. ಜೋಲಿ, ಗಂಜಿ, ಪಡಸಾಲೆ, ಇಡೀ ಪ್ಯಾರಾನೇ ಹೋಯಿತು. ಒಂದು ಸಲ ಬೀಗ ತೆಗೀರಿ ಮೇಡಂ, ಹೆಸರಿಲ್ಲದೆ ನಾಲ್ಕು ಸಾಲು ಹಾಕ್ತೀನಿ, ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಬೇಡಿಕೊಂಡೆ. "ಮಾರ್ಕ್ಸ್ ಕಳಿಸಾಗಿದೆ. ನಿಮ್ಮದೇ ಚೆನ್ನಾಗಿರೋದು. ಮುಂದಿನ ಬ್ಯಾಚಿಗೆ ಮಾದರಿ ಅಂತ ಇಡ್ತಿದ್ದೀನಿ, ಇನ್ನು ಮುಟ್ಟೋದು ಬೇಡ," ಎಂದರು. ಗೆಳತಿ ನನ್ನ ಕೈ ಹಿಡಿದು ಈಚೆ ಕರೆತಂದಳು. ಅಂಕ ಬಂದದ್ದಕ್ಕೆ ಅವಳಿಗೆ ಒಳಗೊಳಗೇ ಸಮಾಧಾನ, ಅದನ್ನು ಮುಚ್ಚಿಡಲು ಪಾಪ ಒದ್ದಾಡುತ್ತಿದ್ದಳು.

ಅವ್ವನಿಗೆ ಫೋನಿನಲ್ಲಿ ಇದನ್ನು ಹೇಳುವುದು ಹೇಗೆ? ಭಾನುವಾರ ಊರಿಗೆ ಬರ್ತೀನಿ, ಬಂದು ಹೇಳ್ತೀನಿ ಅಂತಷ್ಟೇ ಹೇಳಿದೆ. ಹರಿಹರದಲ್ಲಿ ಬಸ್ಸು ಬದಲಿಸಿ ಊರಲ್ಲಿ ಇಳಿಯುವವರೆಗೂ ಮಾತು ಜೋಡಿಸಿಕೊಳ್ಳುತ್ತಲೇ ಇದ್ದೆ. ಒಂದೂ ಸರಿಹೋಗಲಿಲ್ಲ.

ಮನೆಯ ಮುಂದೆ ನೋಡಿದರೆ ಚಪ್ಪಲಿಗಳ ರಾಶಿ. ಪಡಸಾಲೆಯ ತುಂಬ ಹೆಂಗಸರು. ಒಂದು ಕಾಲಕ್ಕೆ ಕೂಸು ಬಿಟ್ಟು ಗದ್ದೆಗೆ ಹೋಗುತ್ತಿದ್ದವರೆಲ್ಲ ಬಂದು ಕೂತಿದ್ದರು, ಹಬ್ಬಕ್ಕೆ ಉಡುವ ಸೀರೆ ಉಟ್ಟು. ಬಂದು ಹೇಳ್ತೀನಿ ಅಂತ ನಾನು ಅಂದದ್ದಕ್ಕೆ, ಮಗಳು ಬಂದು ಪುಟ ಓದಿ ಹೇಳುತ್ತಾಳೆ ಅಂತ ತಿಳಿದು ಅವ್ವ ಎಲ್ಲರಿಗೂ ಹೇಳಿ ಕಳಿಸಿದ್ದಳು. ಅವಳೂ ತಲೆ ಬಾಚಿ ಹೂ ಮುಡಿದಿದ್ದಳು.

"ಬಂದ್ಲು ನೋಡು ಮೇಷ್ಟ್ರಮ್ಮ! ಓದವ್ವ, ಓದು," ಎಂದರು ಅವರಲ್ಲಿ ಒಬ್ಬರು, ನಾನಿನ್ನೂ ಕೈಕಾಲು ತೊಳೆದಿರಲಿಲ್ಲ.

ಹೇಳಬೇಕೆಂದು ಬಾಯಿ ತೆರೆದೆ. ಅವ್ವನ ಮುಖ ನೋಡಿ ಆಗಲಿಲ್ಲ. ಫೋನಿನಲ್ಲಿ ಪುಟ ತೆರೆದು ಮೊದಲಿನಿಂದ ಓದಿದೆ. ಊರು ಎಲ್ಲಿದೆ ಅಂತ ಓದಿದೆ. ಕಾಲುವೆ ಓದಿದೆ. ನಾಟಿಯ ಸಾಲು ಬಂದಾಗ ಎಲ್ಲರೂ ಅಲುಗಾಡಿ ಸರಿಯಾಗಿ ಕೂತರು, ಅವ್ವ ಸೆರಗು ಹೊದ್ದುಕೊಂಡಳು. ಅಂಗಡಿ ಓದಿದೆ. ಬಸ್ಸು ಓದಿದೆ. ಮುಗಿಯಿತು.

"ಮುಂದೆ?" ಎಂದರು ಅದೇ ಹೆಂಗಸು.

"ಮುಂದಿಂದು ತೆಗೆದುಬಿಟ್ಟಾರ್ರಿ."

"ಯಾಕ?"

"ಸಾಕ್ಷಿ ಇಲ್ಲಂತೆ."

ಆಕೆಯ ಪಕ್ಕದಲ್ಲಿ ಅವರ ಮಗಳು ಕೂತಿದ್ದಳು, ಒಂದು ಕಾಲಕ್ಕೆ ಇದೇ ಪಡಸಾಲೆಯ ಜೋಲಿಯಲ್ಲಿ ಮಲಗುತ್ತಿದ್ದವಳು. ಲಗ್ನವಾಗಿ ಬೇರೆ ಊರಿನಲ್ಲಿದ್ದವಳು, ಬಾಣಂತನಕ್ಕೆ ತವರಿಗೆ ಬಂದಿದ್ದಳು, ತೊಡೆಯ ಮೇಲೆ ಹಸುಗೂಸು. ಆಕೆ ಮಗಳ ತೋಳು ಹಿಡಿದು ನನ್ನ ಕಡೆ ತಿರುಗಿಸಿ, "ಹಂಗಾರೆ ಇವಳು ಯಾರು?" ಎಂದರು.

ನನಗೆ ತಲೆ ಎತ್ತಲಾಗಲಿಲ್ಲ. ಅವ್ವ ಗೋಡೆ ಹಿಡಿದು, ಮಂಡಿ ಒತ್ತಿಕೊಂಡು ಎದ್ದಳು.

"ಅವಳ್ನ ಕೇಳಿದ್ರೆ ಏನ್ ಮಾಡ್ತಾಳೆ ಪಾಪ, ಅವಳ ಕೈಯಾಗೇನೈತೆ," ಎಂದಳು. "ಕೂಡ್ರಿ, ಚಾ ಮಾಡ್ತೀನಿ."