ಕಪ್ಪೆ ಟೀಚರ್ ಮತ್ತೆ ನೀರಿಗಿಳಿದರು

ಊರಿನ ಅರ್ಧಕ್ಕರ್ಧ ಹೆಂಗಸರು ಅವರನ್ನು ಕಪ್ಪೆ ಟೀಚರ್ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ ಅದು, ಎದುರಿಗೇ ಕರೆಯುವುದು, ಅವರು ಓಗೊಡುವುದು. ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಆಟದ ಟೀಚರ್ ಆಗಿದ್ದರು. ಅವರು ಹೇಳಿಕೊಟ್ಟ ಕವಾಯತು, ಓಟ, ಚೆಂಡಾಟ ಇವನ್ನೆಲ್ಲ ಮಕ್ಕಳು ಶಾಲೆ ಬಿಟ್ಟ ಮರುವರ್ಷವೇ ಮರೆತರು. ಹೊಳೆಯ ಮೆಟ್ಟಿಲ ಮೇಲೆ ಸಾಲಾಗಿ ಬೋರಲು ಮಲಗಿಸಿ, "ಕಾಲು ಮಡಚು, ಅಗಲಿಸು, ಒದಿ! ಕಪ್ಪೆ ನೋಡಿಲ್ವೇನೇ ನೀನು? ಕಪ್ಪೆಗೆ ಬರೋದು ನಿನಗೆ ಬರಲ್ವಾ?" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದದ್ದನ್ನು ಮಾತ್ರ ಒಬ್ಬರೂ ಮರೆಯಲಿಲ್ಲ.

ಅದು ಶುರುವಾದದ್ದು ಒಂದು ಸಾವಿನಿಂದ. ಟೀಚರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದೇ ಶಾಲೆಯ ಅಕ್ಕತಂಗಿಯರಿಬ್ಬರು ಹೊಳೆಯಲ್ಲಿ ಹೋಗಿಬಿಟ್ಟರು. ಕೊಡ ಜಾರಿತೆಂದು ತಂಗಿ ಒಂದು ಮೆಟ್ಟಿಲು ಕೆಳಗಿಳಿದಳು, ತಂಗಿ ಜಾರಿದಳೆಂದು ಅಕ್ಕ ಹಿಂದೆಯೇ ಹೋದಳು. ದಡದ ಮೇಲೆ ಬಟ್ಟೆ ಒಗೆಯುತ್ತಿದ್ದ ಹತ್ತಾರು ಹೆಂಗಸರು ಬಾಯಿ ಬಡಿದುಕೊಂಡರೇ ಹೊರತು ನೀರಿಗೆ ಹಾರಬಲ್ಲವರು ಅವರಲ್ಲಿ ಒಬ್ಬರೂ ಇರಲಿಲ್ಲ. ಈಜು ಗಂಡಸರ ವಿದ್ಯೆ, ಗಂಡಸರು ಆ ಹೊತ್ತಿನಲ್ಲಿ ಕೆಲಸಕ್ಕೆ ಹೋಗಿದ್ದರು.

ಮಾರನೆಯ ದಿನ ಹೆಡ್‌ಮಿಸ್, ಇನ್ನು ಮುಂದೆ ಯಾವ ಹುಡುಗಿಯೂ ಹೊಳೆಯ ಕಡೆ ತಲೆ ಹಾಕಕೂಡದು ಎಂದು ಅಪ್ಪಣೆ ಮಾಡಿದರು. ಹೊಸ ಟೀಚರ್ ನೇರ ಅವರ ಕೋಣೆಗೆ ಹೋಗಿ ನಿಂತರು.

"ಹೋಗ್ಬೇಡಿ ಅಂದ್ರೆ ಹೋಗ್ದೇ ಇರ್ತಾರಾ ಮೇಡಂ? ಮನೆಗೆ ನೀರು ತರೋರೇ ಅವರು. ನಾನು ಈಜು ಕಲಿಸ್ತೀನಿ."

"ನಿನಗೆ ಬರುತ್ತಾ?"

"ಬರುತ್ತೆ. ಚಿಕ್ಕಪ್ಪ ದೋಣಿ ನಡೆಸ್ತಿದ್ರು. ಒಂದು ದಿನ ಎತ್ತಿ ನೀರಿಗೆ ಎಸೆದ್ರು, ಬಂತು."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಆಗಿದೆಯಲ್ಲ ಮೇಡಂ. ಇನ್ನೇನಾಗ್ಬೇಕು?"

ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೇಡ ಎನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಟೀಚರ್ ಹೊರಬಂದರು.

ಚಿಕ್ಕಪ್ಪನ ಹಾಗೆ ಅವರು ಯಾರನ್ನೂ ಎತ್ತಿ ಎಸೆಯಲಿಲ್ಲ. ಎರಡು ಖಾಲಿ ಎಣ್ಣೆ ಡಬ್ಬಗಳಿಗೆ ಬಿರಡೆ ಬಿಗಿದು, ನಡುವೆ ಹಗ್ಗ ಕಟ್ಟಿ, ಆ ಹಗ್ಗವನ್ನು ಹುಡುಗಿಯ ಸೊಂಟಕ್ಕೆ ಸುತ್ತುತ್ತಿದ್ದರು. ಡಬ್ಬ ತೇಲಿದರೆ ಹುಡುಗಿಯೂ ತೇಲಿದಳು. ಕೆಲವು ದಿನದ ಮೇಲೆ ಒಂದು ಡಬ್ಬ ಬಿಚ್ಚುವುದು, ಆಮೇಲೆ ಇನ್ನೊಂದು. ಮೊದಮೊದಲು ತಾಯಂದಿರು ದಡದ ಮೇಲೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು. ಕಡೆಕಡೆಗೆ, "ಟೀಚರೇ, ನಮ್ಮನ್ನೂ ಒಂದ್ಸಲ ಕಟ್ಟಿ" ಎಂದು ತಾವೇ ಮುಂದೆ ಬಂದರು.

ಎಂಥ ನೀರು ಅದು! ಕುತ್ತಿಗೆಮಟ್ಟದ ನೀರಿನಲ್ಲಿ ನಿಂತರೂ ಕಾಲ್ಬೆರಳ ಉಗುರು ಕಾಣುತ್ತಿತ್ತು. ಮೇಲೆ ಬೆಚ್ಚಗೆ, ಮೊಣಕಾಲಿನ ಕೆಳಗೆ ತಣ್ಣಗೆ. ಸುಮ್ಮನೆ ನಿಂತರೆ ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚಿ ಕಚಗುಳಿ ಇಡುತ್ತಿದ್ದವು. ಬೆಳಗಿನ ಪಾಠ ಮುಗಿಸಿ ಹುಡುಗಿಯರು ಒದ್ದೆ ಜಡೆಯಲ್ಲೇ ತರಗತಿಗೆ ಓಡುವರು. ಜಡೆಯಿಂದ ತೊಟ್ಟಿಕ್ಕಿದ ಹನಿಗೆ ಪುಸ್ತಕದ ಲೆಕ್ಕವೆಲ್ಲ ಕಲಸಿಹೋಗುತ್ತಿತ್ತು. "ಇದೇನು ಶಾಲೆಯೋ ಮೀನಿನ ಅಂಗಡಿಯೋ?" ಎಂದು ಗಣಿತದ ಮೇಷ್ಟ್ರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಿಜಕ್ಕೂ ಅದು ಮೀನಿನ ವಾಸನೆಯಲ್ಲ. ಒದ್ದೆ ಕಲ್ಲು, ಪಾಚಿ, ಎಳೆ ಬಿಸಿಲು ಎಲ್ಲ ಸೇರಿದ ಹೊಳೆಯ ವಾಸನೆ. ಈಗಲೂ ಟೀಚರಿಗೆ ಎಂದಾದರೂ ಒಮ್ಮೆ, ತಲೆಗೆ ನೀರು ಸುರಿದುಕೊಳ್ಳುವಾಗ, ಅದು ಮೂಗಿನ ತುದಿಯವರೆಗೆ ಬಂದಂತಾಗಿ ಮಾಯವಾಗುತ್ತದೆ.

ಊರಿನ ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂದಾಗ ಸಂತೋಷಪಡದವರಿಲ್ಲ. ಮನೆಗೊಬ್ಬರಿಗೆ ಕೆಲಸ ಸಿಕ್ಕಿತು. ಟೀಚರ ಗಂಡನಿಗೂ ಅಲ್ಲೇ ಕೆಲಸ, ಬಣ್ಣ ಬೆರೆಸುವುದು. ಮಿತಭಾಷಿ ಮನುಷ್ಯ. ಸಂಜೆ ಬಂದು ಎಷ್ಟು ಸೋಪು ಉಜ್ಜಿದರೂ ಉಗುರಿನ ಸಂದಿಯಲ್ಲಿ ಅಂದಿನ ಬಣ್ಣ ಉಳಿದೇ ಇರುತ್ತಿತ್ತು. ಆ ಸಂಬಳದಲ್ಲೇ ಅವರ ಮನೆಗೆ ಗಟ್ಟಿ ಗೋಡೆ ಬಂತು, ಮಗನಿಗೆ ಓದು ಬಂತು. ಟೀಚರ್ ಇದನ್ನು ಎಂದೂ ಮರೆತವರಲ್ಲ. ಹಾಗಾಗಿಯೇ ಮುಂದೆ ಬಾಯಿ ಬಿಡುವುದು ಅವರಿಗೆ ಅಷ್ಟು ಕಷ್ಟವಾಯಿತು.

ಮೊದಲು ಹೊಳೆಯ ಒಂದು ಅಂಚಿನಲ್ಲಷ್ಟೇ ಬಣ್ಣದ ಗೆರೆ ಕಾಣುತ್ತಿತ್ತು. ಮಕ್ಕಳಿಗೆ ಅದೂ ಒಂದು ಆಟ. "ಇವತ್ತು ನೀಲಿ!" "ಅಲ್ಲ, ನೇರಳೆ!" ಎಂದು ಪಂದ್ಯ ಕಟ್ಟುವರು. ಪೇಟೆಯಲ್ಲಿ ಈ ಸಲ ಯಾವ ಬಣ್ಣದ ಬಟ್ಟೆ ಓಡುತ್ತದೆ ಎಂಬುದನ್ನು ಅಂಗಡಿಯವನಿಗಿಂತ ಮೊದಲು ಹೊಳೆ ಹೇಳುತ್ತದೆ ಎಂದು ದೊಡ್ಡವರೂ ನಗುತ್ತಿದ್ದರು. ಆಮೇಲೆ ಗೆರೆ ಅಗಲವಾಯಿತು. ಹಿಮ್ಮಡಿ ಕಚ್ಚುವ ಮೀನುಗಳು ಯಾವಾಗ ಬಾರದಾದವೋ ಯಾರಿಗೂ ತಿಳಿಯಲಿಲ್ಲ. ಹುಡುಗಿಯರ ಮೈ ತುರಿಸತೊಡಗಿತು. ಕಡೆಗೊಂದು ಬೆಳಿಗ್ಗೆ ದರ್ಜಿ ಅಂಗಡಿಯವರ ಮಗಳು ಕಣ್ಣು ಬಿಡಲಾಗದೆ ಊದಿಸಿಕೊಂಡು ಮನೆಯಲ್ಲಿ ಕೂತಳು. ಅವಳ ತಾಯಿ ಶಾಲೆಗೇ ಬಂದು ಟೀಚರ ಮೇಲೆ ಹರಿಹಾಯ್ದಳು.

"ಮುಳುಗಿ ಸಾಯ್ಬಾರದು ಅಂತ ನಿಮ್ಮ ಕೈಗೆ ಒಪ್ಪಿಸಿದ್ವಿ. ನೀವು ಕಣ್ಣೇ ಕಳೀತಿದ್ದೀರಲ್ಲ!"

ಹುಡುಗಿಯ ಕಣ್ಣೇನೋ ಕೆಲವು ದಿನಕ್ಕೆ ಗುಣವಾಯಿತು. ಆದರೆ ತಾಯಿ ಬಂದ ದಿನವೇ ಈಜು ನಿಂತಿತು. ಆ ಸಂಜೆ ಮನೆಗೆ ಬಂದ ಗಂಡನನ್ನು ಬಾಗಿಲಲ್ಲೇ ತಡೆದು ಕೇಳಿದರು: "ಇವತ್ತು ಯಾವ ಬಣ್ಣ ಬಿಟ್ರಿ?"

ಗಂಡ ತಮ್ಮ ಕೈ ನೋಡಿಕೊಂಡರು. "ಹಸಿರು" ಎಂದರು. ಅಷ್ಟೇ. ಅವರಿಬ್ಬರ ನಡುವೆ ಹೊಳೆಯ ಮಾತು ಅದೇ ಕೊನೆ.

ವರ್ಷಗಳು ಉರುಳಿದವು. ಮನೆಮನೆಗೆ ನಲ್ಲಿ ಬಂತು, ಊರು ಹೊಳೆಗೆ ಬೆನ್ನು ತಿರುಗಿಸಿತು. ವಾಸನೆ ತಾಳಲಾರದೆ ಆ ಕಡೆಯ ಕಿಟಕಿಗಳನ್ನು ಜನ ಇಟ್ಟಿಗೆ ಇಟ್ಟು ಮುಚ್ಚಿದರು. ಟೀಚರ ಅಡುಗೆಮನೆಯ ಕಿಟಕಿಗೆ ಗಂಡನೇ ಹಲಗೆ ಹೊಡೆದರು. ಒಂದೊಂದು ಮೊಳೆಗೂ ಸುತ್ತಿಗೆ ಬೀಳುವ ಸದ್ದನ್ನು ಟೀಚರ್ ಒಳಗೆ ಕೂತು ಕೇಳಿದರು. ಶಾಲೆಯಲ್ಲಿ ಕವಾಯತು ಮಾಡಿಸಿ ಮಾಡಿಸಿ ಒಂದು ದಿನ ನಿವೃತ್ತರಾದರು. ಗಂಡನೂ ಕೆಲಸ ಬಿಟ್ಟರು. ಮಗನಿಗೆ ಮದುವೆಯಾಯಿತು, ಮೊಮ್ಮಗಳು ಹುಟ್ಟಿ ಮಾತು ಕಲಿತು ಮನೆಯೆಲ್ಲ ಗಲಾಟೆ ಎಬ್ಬಿಸಿದಳು.

ಈ ಮೊಮ್ಮಗಳೇ ಒಂದು ಸಂಜೆ ಊಟಕ್ಕೆ ಕೂತಾಗ ವಿಷಯ ಎತ್ತಿದ್ದು. ಶಾಲೆಯಲ್ಲಿ ಭಾಷಣ ಸ್ಪರ್ಧೆಯಂತೆ. "ಇಂದು ಮನುಕುಲದ ಮುಂದಿರುವ ಅತಿ ದೊಡ್ಡ ಸಮಸ್ಯೆ ಯಾವುದು? ಒಬ್ಬೊಬ್ರೂ ಒಂದೊಂದು ಹೇಳ್ಬೇಕು. ಸುಮ್ನೆ ಏನೋ ಹೇಳ್ಬಾರ್ದು."

"ಯುದ್ಧ" ಎಂದ ಅವಳಪ್ಪ ತಟ್ಟೆಯಿಂದ ತಲೆಯೆತ್ತದೆ.

"ಕಾಯಿಲೆ" ಎಂದಳು ಅಮ್ಮ. ಅವಳು ಆಸ್ಪತ್ರೆಯಲ್ಲಿ ನರ್ಸು. "ಒಂದು ಹೋಯ್ತು ಅನ್ನೋಷ್ಟರಲ್ಲಿ ಇನ್ನೊಂದು."

"ಬಿಸಿಲು" ಎಂದರು ತಾತ. "ಭೂಮಿ ಕಾದ ಬಾಣಲೆ ಆಗ್ತಿದೆ."

"ಅಜ್ಜಿ, ನಿಂದು?"

ಟೀಚರ್ ನೀರು ಕುಡಿದು ಲೋಟ ಕೆಳಗಿಟ್ಟರು. "ನಿಮಗ್ಯಾರಿಗೂ ಈಜು ಬರಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಮೊಮ್ಮಗಳಿಗೆ ನಗು ಹೆಚ್ಚಾಗಿ ಬಿಕ್ಕಳಿಕೆಯೇ ಬಂತು. ಟೀಚರ್ ನಗಲಿಲ್ಲ.

"ನಗ್ರಪ್ಪ. ಭೂಮಿ ಬಿಸಿ ಆಗ್ತಿದೆ ಅಂತೀರಿ. ಬಿಸಿ ಆದ್ರೆ ಮಳೆ ಹುಚ್ಚುಹುಚ್ಚಾಗಿ ಸುರಿಯುತ್ತೆ, ಹೊಳೆ ಏರುತ್ತೆ ಅಂತ ನೀವೇ ಟಿವಿ ನೋಡಿ ಹೇಳ್ತೀರಿ. ಆ ಹೊಳೆ ಪಕ್ಕದಲ್ಲಿ ಒಂದು ಊರಿಗೆ ಊರೇ ಈಜು ಮರೆತು ಕೂತಿದೆ. ಹೋದ ವರ್ಷ ಕೆಳಗಿನ ಬೀದಿಗೆ ನೀರು ನುಗ್ಗಿದಾಗ ಏನಾಯ್ತು? ಗಟ್ಟಿಮುಟ್ಟಾದ ಹುಡುಗರು ಮಂಚ ಹತ್ತಿ ಅಮ್ಮಾ ಅಂತ ಕೂಗ್ತಿದ್ರು. ಹಾಲಿನಂಗಡಿ ಅಜ್ಜಿ ಈಜ್ಕೊಂಡು ಹೋಗಿ ಕಟ್ಟಿಹಾಕಿದ್ದ ಮೇಕೆ ಬಿಡಿಸ್ಕೊಂಡು ಬಂದ್ಳು. ನನ್ನ ಮೊದಲನೇ ಸಾಲಿನ ಹುಡುಗಿ ಅವಳು. ನೀರು ಕೆಡಿಸಿದ್ವಿ, ಸರಿ. ಕೆಟ್ಟ ನೀರಿಗೆ ಹೆದರಿ ಮಕ್ಕಳಿಗೆ ನೀರೇ ತೋರಿಸಲಿಲ್ಲ. ಗುರುತೇ ಇಲ್ಲದ ಹೊಳೆ ಸತ್ರೆ ಯಾರಿಗೆ ಸಂಕಟ ಆಗುತ್ತೆ ಹೇಳು?"

ನಗು ತಣ್ಣಗಾಯಿತು. ಬಿಕ್ಕಳಿಸುತ್ತಲೇ ಮೊಮ್ಮಗಳು ಕೇಳಿದಳು: "ಹಾಗಾದ್ರೆ ನನಗೆ ಕಲಿಸು."

"ಎಲ್ಲಿ ಕಲಿಸಲಿ? ಬಚ್ಚಲಲ್ಲಾ?"

ತಾತ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. "ಕಾರ್ಖಾನೆಯಿಂದ ಮೇಲೆ ಹಳೇ ಒಡ್ಡು ಇದೆಯಲ್ಲ, ಅದರ ಹಿಂದೆ ನೀರು ನಿಂತಿದೆ. ತಿಳಿಯಾಗಿದೆ. ತಳ ಕಾಣುತ್ತೆ."

ಟೀಚರ್ ಗಂಡನ ಮುಖ ನೋಡಿದರು. "ನಿಮಗೆ ಹ್ಯಾಗೆ ಗೊತ್ತು?"

"ಹೋಗ್ತಿರ್ತೀನಿ. ಬಸ್ಸು ಹೋಗುತ್ತೆ. ಒಂದಿಷ್ಟು ಹೊತ್ತು ಕೂತು ಬರ್ತೀನಿ."

"ಯಾವಾಗಿನಿಂದ?"

"ಕೆಲಸದಲ್ಲಿದ್ದಾಗಿನಿಂದ."

"ಒಂದು ಮಾತು ಹೇಳ್ಲಿಲ್ವಲ್ಲ ನನಗೆ!"

ತಾತ ಅನ್ನದ ಅಗುಳನ್ನು ತಟ್ಟೆಯ ಅಂಚಿಗೆ ಸರಿಸಿದರು. "ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅಂದು ಪಾತ್ರೆ ತೊಳೆಯುವಾಗ ಟೀಚರ್ ಹಲಗೆ ಹೊಡೆದ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನಿಂತರು. ಭಾನುವಾರಗಳಲ್ಲಿ ಗೆಳೆಯರನ್ನು ನೋಡಿಬರುತ್ತೇನೆ ಎಂದು ಗಂಡ ಹೊರಡುತ್ತಿದ್ದದ್ದು, ಗೆಳೆಯರೇ ಇಲ್ಲದ ಈ ಮನುಷ್ಯನಿಗೆ ಯಾವ ಗೆಳೆಯರಪ್ಪ ಎಂದು ತಾವು ಒಳಗೊಳಗೇ ಅನುಮಾನಪಟ್ಟದ್ದು, ಎಲ್ಲ ನೆನಪಾಗಿ ಒಮ್ಮೆ ಅಳು, ಒಮ್ಮೆ ನಗು ಬಂತು.

ಆ ಭಾನುವಾರವೇ ಹೊರಟರು. ಸುದ್ದಿ ಹೇಗೆ ಹಬ್ಬಿತೋ, ಬಸ್ ನಿಲ್ದಾಣದಲ್ಲಿ ಹಾಲಿನಂಗಡಿ ಅಜ್ಜಿ ಚೀಲ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ದರ್ಜಿ ಅಂಗಡಿಯ ಹೆಂಗಸು; ಅಂದು ಕಣ್ಣು ಊದಿಸಿಕೊಂಡಿದ್ದ ಹುಡುಗಿಯೇ ಅವಳು, ಈಗ ಅರ್ಧ ತಲೆ ನರೆತಿದೆ. "ನಾವೂ ಬರ್ತೀವಿ ಟೀಚರ್. ಪಾಠ ಅರ್ಧಕ್ಕೇ ನಿಂತಿತ್ತಲ್ಲ" ಎಂದಳು.

ಒಡ್ಡಿನ ಹಿಂದೆ ನೀರು ಹೊಳೆಯುತ್ತ ನಿಂತಿತ್ತು. ಟೀಚರ್ ಬಗ್ಗಿ ಬೊಗಸೆ ತುಂಬಿ ಮೂಸಿದರು. ಒದ್ದೆ ಕಲ್ಲು, ಪಾಚಿ, ಬಿಸಿಲು. ಮೈಗೆ ಮರೆತುಹೋಗಿದ್ದರೆ ಏನು ಗತಿ? ಸೊಂಟಮಟ್ಟಕ್ಕೆ ಇಳಿದು, ಉಸಿರು ಎಳೆದು, ಮುಂದಕ್ಕೆ ವಾಲಿದರು. ನೀರು ಅವರನ್ನು ಎತ್ತಿಕೊಂಡಿತು. ಮಂಡಿನೋವಿನ ಕಾಲು ತಾನಾಗಿ ಮಡಚಿತು, ಅಗಲಿತು, ಒದೆಯಿತು. ಹಿಂದೆಯೇ ಹಾಲಿನಂಗಡಿ ಅಜ್ಜಿ ಧುಮುಕಿದಳು, ಅರ್ಧ ನೀರು ದಡಕ್ಕೆ ಬಂತು. ದರ್ಜಿ ಅಂಗಡಿಯವಳೂ ಇಳಿದಳು. ಮೂವರು ಹೆಂಗಸರು ಅಂಗಾತ ತೇಲುತ್ತ ಆಕಾಶಕ್ಕೆ ಮುಖ ಮಾಡಿ ಎಳೆ ಹುಡುಗಿಯರ ಹಾಗೆ ಕಿಲಕಿಲ ನಗುತ್ತಿದ್ದರೆ, ಮೊಮ್ಮಗಳು ಬಾಯಿ ತೆರೆದು ನೋಡುತ್ತ ನಿಂತಳು. ಅಜ್ಜಿ ಎಂದರೆ ಕುರ್ಚಿಯಿಂದ ಏಳುವಾಗ "ಅಯ್ಯಪ್ಪಾ" ಎನ್ನುವವಳು ಎಂದಷ್ಟೇ ಅವಳಿಗೆ ಗೊತ್ತಿತ್ತು.

ಅವಳ ಪಾಠ ಅಷ್ಟು ಸಲೀಸಾಗಿ ಆಗಲಿಲ್ಲ. ಡಬ್ಬ ಕಟ್ಟಿಸಿಕೊಂಡು ನೀರಿಗಿಳಿದವಳೇ ಕಿವಿ ಕಿತ್ತುಹೋಗುವಂತೆ ಕಿರುಚಿ, ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. ಹಲವು ಭಾನುವಾರಗಳು ಬೇಕಾದವು. ಅಷ್ಟರಲ್ಲಿ ಭಾಷಣ ಸ್ಪರ್ಧೆಯೂ ಬಂತು. ಅಜ್ಜಿ ಹೇಳಿದ್ದನ್ನೇ ವೇದಿಕೆಯ ಮೇಲೆ ಹೇಳಿದಳು, ಸಭೆ ನಕ್ಕಿತು, ವಿಷಯ ಬಿಟ್ಟು ಮಾತಾಡಿದ್ದಾಳೆ ಎಂದು ತೀರ್ಪುಗಾರರು ಹೇಳಿದರು. ಬಹುಮಾನ ಯುದ್ಧದ ಬಗ್ಗೆ ಮಾತಾಡಿದ ಹುಡುಗನಿಗೆ ಹೋಯಿತು. ಮೊಮ್ಮಗಳು ಮುಖ ಊದಿಸಿಕೊಂಡು ಮನೆಗೆ ಬಂದಳು. ಆದರೆ ನಕ್ಕ ಸಭೆಯಲ್ಲಿದ್ದ ತಾಯಂದಿರಲ್ಲಿ ಕೆಲವರು ಒಬ್ಬೊಬ್ಬರಾಗಿ ಟೀಚರ ಬಾಗಿಲು ತಟ್ಟತೊಡಗಿದರು. "ನಮ್ಮವಳನ್ನೂ ಕರ್ಕೊಂಡು ಹೋಗ್ತೀರಾ?" "ಗಂಡುಹುಡುಗ್ರಿಗೂ ಕಲಿಸ್ತೀರಾ ಟೀಚರ್? ಇವನಿಗೆ ಬಕೆಟ್ ನೀರು ಕಂಡ್ರೂ ಭಯ."

ಇಷ್ಟು ದಿನವೂ ತಾತ ದಡದ ಕಲ್ಲಿನ ಮೇಲೆ ಕೂತು ಟವೆಲು, ಚಪ್ಪಲಿ, ಕನ್ನಡಕ ಕಾಯುತ್ತಿದ್ದರು. ಒಂದು ಭಾನುವಾರ ಟೀಚರ್ ನೀರಿನಿಂದಲೇ ಕರೆದರು.

"ಬನ್ನಿ ಅಂದ್ರೆ."

"ನಾನಾ? ಈ ವಯಸ್ಸಲ್ಲಿ ನನಗ್ಯಾಕೆ?"

"ಇಷ್ಟು ವರ್ಷ ಬರೀ ನೋಡಿದ್ದು ಸಾಲ್ದಾ?"

ಅವರು ಪ್ಯಾಂಟು ಮಡಚಿ, ಒಂದೊಂದೇ ಹೆಜ್ಜೆ ಇಟ್ಟು ಬಂದರು. ಟೀಚರ್ ಗಂಡನ ಬೆನ್ನ ಕೆಳಗೆ ಅಂಗೈ ಕೊಟ್ಟು ಮಲಗಿಸಿದರು. ತಾತನ ಕೈಯಲ್ಲಿ ಈಗ ಬಣ್ಣವಿರಲಿಲ್ಲ, ಸುಕ್ಕುಗಟ್ಟಿದ ಬರಿಯ ಮುದಿ ಕೈಗಳು. ಒಂದು ಕ್ಷಣ ತೇಲಿದಂತೆ ಮಾಡಿ ಗುಳುಂಕನೆ ಮುಳುಗಿ, ಮೂಗು ಬಾಯಿಗೆ ನೀರು ಹೊಕ್ಕು, ಕೆಮ್ಮುತ್ತ ಎದ್ದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

"ಸಿಹಿಯಾಗಿದೆ ಕಣೇ" ಎಂದರು ತಾತ ಮುಖ ಒರೆಸಿಕೊಳ್ಳುತ್ತ.

"ಮೊದಲು ಇಡೀ ಹೊಳೇನೇ ಹೀಗಿತ್ತು" ಎಂದರು ಟೀಚರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತು" ಎಂದರು ತಾತ. "ಇನ್ನೊಂದ್ಸಲ ಹಿಡ್ಕೋ."

ಊರಿನ ಮೆಟ್ಟಿಲ ಹತ್ತಿರದ ಹೊಳೆ ಈಗಲೂ ಬಣ್ಣದ್ದೇ. ಕಾರ್ಖಾನೆಗೆ ನೀರು ಶುದ್ಧಮಾಡುವ ಯಂತ್ರ ಬರುತ್ತದಂತೆ ಎಂಬ ಮಾತು ಮಾತಾಗಿಯೇ ಇದೆ. ಅದು ಎಲ್ಲಿಗೆ ಬಂತು ಎಂದು ಕೇಳಲು ಟೀಚರ್ ಆಗಾಗ ಸರ್ಕಾರಿ ಕಚೇರಿಗೆ ಹೋಗುತ್ತಾರೆ, ಈಗ ಜೊತೆಗೆ ಗಂಡನೂ ಹೋಗುತ್ತಾರೆ. ಯಾವ ಕೊಳವೆಯಿಂದ ಏನು ಹರಿಯುತ್ತಿತ್ತು ಎಂದು ಕೇಳಿದವರಿಗೆ ಬಿಡಿಸಿ ಹೇಳುತ್ತಾರೆ. ಭಾನುವಾರದ ಬಸ್ಸು ಮಾತ್ರ ತುಂಬಿ ತುಳುಕುತ್ತದೆ. ಮರಳಿ ಬರುವಾಗ ಒದ್ದೆ ತಲೆಯ ಮಕ್ಕಳೆಲ್ಲ ಸೀಟು ನೆನೆಸಿಬಿಡುತ್ತಾರೆಂದು ಕಂಡಕ್ಟರ್ ದಾರಿಯುದ್ದಕ್ಕೂ ಗೊಣಗುತ್ತಾನೆ. ಅವನ ಮಗಳಿಗೂ ಹೋದ ವಾರದಿಂದ ಡಬ್ಬ ಕಟ್ಟಿದ್ದಾರೆ.