ರಾಣಿಯ ಕೊನೆಯ ಬಲೂನು

ಶಿರಗುಪ್ಪಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಾರ್ಖಾನೆಯತ್ತ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಮನೆಯ ಮುಂದೆ ಬಂದಾಗ ನೀಲಮ ಕಾಂಬಳೆ ಕೈಯಲ್ಲಿನ ಕುಂಚವನ್ನು ಮೇಲೆತ್ತಿ ಹಿಡಿಯುತ್ತಾರೆ. ಹಿಂದಿನ ಎರಡೂ ಟ್ರಾಲಿ ದಾಟಿ, ಕುಳಿತ ಕಲ್ಲಿನ ನಡುಕ ನಿಂತ ಮೇಲೆ ಮತ್ತೆ ಬಾಗುತ್ತಾರೆ. ಮಣೆಯ ಮೇಲೆ ಮಕ್ಕಳ ಮಾಸಪತ್ರಿಕೆಯಲ್ಲಿನ ಚಿತ್ರಕಥೆಯ ಕೊನೆಯ ಪುಟ ತೆರೆದಿದೆ. ಕೋಟೆಯ ಬಾಗಿಲಲ್ಲಿ ಒಬ್ಬ ರಾಣಿ, ಎದುರಿಗೆ ಧೂಳು ಮೆತ್ತಿದ ಕಾಲಿನ ಒಬ್ಬ ಯುವಕ. ರಾಣಿ ಆಡುವ ಮಾತಿನ ಬಲೂನಿನಲ್ಲಿ ಏಳು ಸಾಲು ಸಣ್ಣ ಅಕ್ಷರಗಳು ಅಚ್ಚಾಗಿವೆ. ಆ ಏಳೂ ಸಾಲಿನ ಮೇಲೆ ನೀಲಮ ಬಿಳಿ ಬಣ್ಣ ಬಳಿಯುತ್ತಿದ್ದಾರೆ.

ಅಚ್ಚಾಗಿ, ಅಂಗಡಿಗಳಿಗೆ ಹೋಗಿ, ಮಕ್ಕಳ ಕೈ ಸೇರಿದ ಸಂಚಿಕೆ ಇದು. ಈಗ ತಿದ್ದಿದರೆ ಸರಿಹೋಗುವುದು ಈ ಒಂದು ಪ್ರತಿ ಮಾತ್ರ. ಅದು ಅವರಿಗೆ ಗೊತ್ತಿದೆ. ಬಣ್ಣ ಒಣಗಲೆಂದು ಊದುತ್ತಾರೆ. ನಿಬ್ಬನ್ನು ಮಸಿಯಲ್ಲಿ ಅದ್ದಿ, ಉಸಿರು ಹಿಡಿಯುತ್ತಾರೆ.

ಐವತ್ತೊಂದು ವರ್ಷದ ನೀಲಮ ಹಗಲು ಹೊತ್ತು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಎಂಬತ್ತಾರು ಮಕ್ಕಳಿಗೆ ಅನ್ನ, ಸಾರು. ಆದರೆ ಬೆಳಗಿನ ಐದೂವರೆಯಿಂದ ಎಂಟರವರೆಗೆ, ಹತ್ತೊಂಬತ್ತು ವರ್ಷ, ಅವರು ರಾಜರಿಗೆ, ರಾಕ್ಷಸರಿಗೆ, ಮಾತನಾಡುವ ಹದ್ದುಗಳಿಗೆ ಮಾತು ಬರೆದುಕೊಟ್ಟಿದ್ದಾರೆ. ನಿಪ್ಪಾಣಿಯಿಂದ ಮರಾಠಿ, ಕನ್ನಡ ಎರಡರಲ್ಲೂ ಹೊರಡುವ ಪತ್ರಿಕೆ ಅದು. ಉತ್ತಮ ಎಂಬ ಚಿತ್ರಕಾರರು ಮೊದಲು ಮರಾಠಿಗೆ ಚಿತ್ರ ಬರೆಯುತ್ತಾರೆ. ಬಲೂನು ಖಾಲಿ ಬಿಟ್ಟ ಇನ್ನೊಂದು ಕಟ್ಟು ಬಸ್ಸು ಹತ್ತಿ, ಕಂಡಕ್ಟರ್ ಕೈಯಿಂದ ಕೈಗೆ ದಾಟಿ ಶಿರಗುಪ್ಪಿಗೆ ಬರುತ್ತದೆ. ನೀಲಮ ಅದನ್ನು ಕನ್ನಡಕ್ಕೆ ತಂದು, ಬಲೂನುಗಳಲ್ಲಿ ಕೈಯಿಂದ ಬರೆದು ವಾಪಸು ಕಳಿಸುತ್ತಾರೆ. ತಿಂಗಳಿಗೆ ಇಪ್ಪತ್ತನಾಲ್ಕು ಪುಟ, ಸುಮಾರು ನೂರಾಹತ್ತು ಬಲೂನು. ಈವರೆಗೆ ಇಪ್ಪತ್ತೈದು ಸಾವಿರ ದಾಟಿದೆ. ಚಿತ್ರಕಾರನ ಹೆಸರು, ಸಂಪಾದಕರ ಹೆಸರು ಪ್ರತಿ ಸಂಚಿಕೆಯಲ್ಲೂ ಇದೆ. ಅಕ್ಷರ ಬರೆದವರ ಹೆಸರು ಒಂದರಲ್ಲೂ ಇಲ್ಲ.

ಬೋರ್ಡು ಬರೆಯುತ್ತಿದ್ದ ತಂದೆ ಜ್ಞಾನದೇವ ಅವರಿಂದ ಅಕ್ಷರ ಬಂತು. ಮಾತು ಕಡಿಮೆ ಮಾಡುವುದನ್ನು ಮಾತ್ರ ಬಲೂನೇ ಕಲಿಸಿತು ಎನ್ನುತ್ತಾರೆ ನೀಲಮ. ಮರಾಠಿಯ ಅಳತೆಗೆ ಬರೆದ ಬಲೂನಿನಲ್ಲಿ ಕನ್ನಡ ಹಿಡಿಸುವುದಿಲ್ಲ. "ಅವರ ಅಕ್ಷರ ಶಿಸ್ತಲೆ ಸಾಲಾಗಿ ನಿಂದರತಾವ್ರಿ. ನಮ್ಮು ಕೆಳಗ ಕಾಲ ಚಾಚತಾವ. ಎರಡ ಸಾಲ ಬರೆಯೂದ್ರಾಗ ಮನಿ ತುಂಬತೈತಿ. ಅಳೂದಕ್ಕ ಎಲ್ಲೈತ್ರಿ ಜಾಗಾ?"

ಹಾಗಾಗಿ ಅವರ ರಾಜರು ಕಡಿಮೆ ಮಾತಿನವರಾದರು. ಯಾವ ಮಾತು ಉಳಿಯಬೇಕು, ಯಾವುದು ಹೋಗಬೇಕು ಎಂದು ಹೇಳುವವರು ತಾಯಿ ಸಕ್ಕುಬಾಯಿ. ಎಂಬತ್ತು ದಾಟಿದ, ಓದು ಬರಹ ಬಾರದ ಹೆಂಗಸು. ನಸುಕಿನಲ್ಲಿ ನೀಲಮ ಒಂದೊಂದೇ ಬಲೂನು ಓದುತ್ತಾರೆ, ಗೋಡೆಗೆ ಒರಗಿ ಕುಳಿತ ತಾಯಿ ಕೇಳುತ್ತಾರೆ. ಒಮ್ಮೆ ಯುದ್ಧದಲ್ಲಿ ಬಾಣ ತಾಗಿ ಬಿದ್ದ ಸೇನಾಪತಿ ನಾಲ್ಕು ಸಾಲು ಮಾತನಾಡಿದ್ದಕ್ಕೆ ಆಕೆ ಬೇಸರಪಟ್ಟು ಕೇಳಿದ್ದರಂತೆ: "ಅಂವಾ ಸಾಯಾಕತ್ತಾನೋ, ಭಾಷಣ ಮಾಡಾಕತ್ತಾನೋ?" ಸೇನಾಪತಿಗೆ ಕೊನೆಗೆ ಉಳಿದದ್ದು ಒಂದೇ ಮಾತು: ಕುದುರೆಗೆ ನೀರು ಕುಡಿಸಿ.

ಎರಡನೆಯ ವರ್ಷ ಒಂದು ತಪ್ಪು ನಡೆಯಿತು. ಸುಟ್ಟುಹೋದ ತನ್ನ ಗುಡಿಸಲಿನ ಮುಂದೆ ನಿಂತ ದೈತ್ಯನ ಬಲೂನನ್ನು, ತಾಯಿ ಏಳಲಿ, ಕೇಳಿ ಬರೆದರಾಯಿತು ಎಂದು ನೀಲಮ ಬಿಟ್ಟಿದ್ದರು. ಬಸ್ಸಿನ ಗಡಿಬಿಡಿಯಲ್ಲಿ ಪುಟ ಹಾಗೆಯೇ ಹೋಯಿತು, ಹಾಗೆಯೇ ಅಚ್ಚಾಯಿತು. ಸಂಪಾದಕ ವಿಶ್ವಾಸ ಫೋನಿನಲ್ಲಿ ಚೆನ್ನಾಗಿ ಬೈದರು. ಆಮೇಲೆ ಓದುಗರ ಕಾಗದಗಳು ಬಂದವು. ದೈತ್ಯ ಏನೂ ಅನ್ನದೆ ನಿಂತ ಪುಟ ನೋಡಿ ತನಗೆ ಊಟ ಸೇರಲಿಲ್ಲ ಎಂದು ರಾಯಬಾಗದ ಹುಡುಗಿಯೊಬ್ಬಳು ಬರೆದಿದ್ದಳು. ಆ ಕಾಗದ ಈಗಲೂ ನೀಲಮರ ಟ್ರಂಕಿನಲ್ಲಿದೆ.

ಕಳೆದ ಆರು ವರ್ಷದಿಂದ ನಡೆದ ಕಥೆ 'ಕರಿಗರಿ ಕೋಟೆ'. ಬತ್ತಿದ ಹೊಳೆ ಮತ್ತೆ ಹರಿಯಲೆಂದು ರಾಣಿಯೊಬ್ಬಳು ತನ್ನ ಏಳು ವರ್ಷದ ಮಗನನ್ನು ರೆಕ್ಕೆಯ ರಾಕ್ಷಸಿಗೆ ಒಪ್ಪಿಸುತ್ತಾಳೆ. ಹೊಳೆ ಬರುತ್ತದೆ, ಮಗ ಬರುವುದಿಲ್ಲ. ಕೊನೆಯ ಕಂತಿನ ಕೊನೆಯ ಚಿತ್ರದಲ್ಲಿ, ಬೆಳೆದುನಿಂತ ಮಗ ಬಾಗಿಲಿಗೆ ಬಂದು ನಿಂತಿದ್ದಾನೆ. ರಾಣಿ ಏನು ಹೇಳಬೇಕು?

ಮರಾಠಿ ಪ್ರತಿಯಲ್ಲಿ ಆಕೆ ಎದೆ ಬಡಿದುಕೊಂಡು ಅಳುತ್ತಾಳೆ, ಕ್ಷಮೆ ಕೇಳುತ್ತಾಳೆ. ಉತ್ತಮ ಅದಕ್ಕೆಂದೇ ದೊಡ್ಡ ಬಲೂನು ಬಿಟ್ಟಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಜಾಗ ಧಾರಾಳವಾಗಿತ್ತು. ನೀಲಮ ಒಂದು ವಾರ ಆ ಪುಟವನ್ನು ಮುಟ್ಟಲಿಲ್ಲ.

ಸಮಾಧಾನ ಎಂಬ ಹೆಸರಿನ ಅವರ ಅಣ್ಣ ಒಂದು ದಿನ ತಂದೆಯೊಂದಿಗೆ ಜಗಳಾಡಿ ಮನೆ ಬಿಟ್ಟಿದ್ದ. ಆ ದಿನ ಸಕ್ಕುಬಾಯಿ ಗಂಡನ ಮಾತಿಗೆ ಎದುರಾಡದೆ, ಮಗನ ಹಿಂದೆ ಬಾಗಿಲು ಹಾಕಿದ್ದರು. ಹನ್ನೆರಡು ವರ್ಷದ ನಂತರ, ತಂದೆ ತೀರಿದ ಎಂಟನೆಯ ದಿನ, ಅಣ್ಣ ಬಂದು ಅದೇ ಬಾಗಿಲಲ್ಲಿ ನಿಂತ. ಸಕ್ಕುಬಾಯಿ ಒಲೆಯ ಮುಂದಿದ್ದರು. ತಲೆ ಎತ್ತಿ ನೋಡಿದರು. "ಕೈಕಾಲ ತೊಳಕೊ, ರೊಟ್ಟಿ ಆರತೈತಿ" ಎಂದರು. ಅಷ್ಟೇ. ಆ ದಿನ ಮಗನ ತಾಟಿಗೆ ಬಿದ್ದ ಮೊದಲ ರೊಟ್ಟಿ ಒಂದು ಕಡೆ ಕರಕಾಗಿತ್ತು. ಅವರ ಕೈಯಲ್ಲಿ ರೊಟ್ಟಿ ಕರಕಾದದ್ದನ್ನು ನೀಲಮ ಅದೊಂದೇ ಸಲ ನೋಡಿದ್ದು.

ನೀಲಮ ಆ ದೊಡ್ಡ ಬಲೂನಿನ ನಡುವೆ ಆ ಮಾತನ್ನೇ ಬರೆದರು. ಸುತ್ತ ಬೇಕಾದಷ್ಟು ಬಿಳಿ ಉಳಿಯಿತು. ಬರೆದದ್ದನ್ನು ನೀಲಮ ಓದಿ ಹೇಳಿದಾಗ ಸಕ್ಕುಬಾಯಿ ಎದ್ದು ಹಿತ್ತಲಿಗೆ ಹೋದರು. ಪುಟ ಬಸ್ಸು ಹತ್ತಿತು.

ಅಚ್ಚಾಗಿ ಬಂದಾಗ ಬಲೂನು ತುಂಬಿತ್ತು. ಅಯ್ಯೋ ಕಂದಾ, ಅಯ್ಯೋ ನನ್ನ ಪಾಪವೇ ಎಂದು ಏಳು ಸಾಲು. ಇಷ್ಟು ದೊಡ್ಡ ಬಲೂನಿನಲ್ಲಿ ಎರಡೇ ಮಾತು ಇದ್ದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ, ಈಗಿನ ಮಕ್ಕಳಿಗೆ ಎಲ್ಲ ಬಿಡಿಸಿ ಹೇಳಬೇಕು ಎಂದು ಸಂಪಾದಕ ವಿಶ್ವಾಸ ಫೋನಿನಲ್ಲಿ ಹೇಳಿದರು. ಅವರೂ ಕೆಟ್ಟವರಲ್ಲ. ಪತ್ರಿಕೆ ಕೊಳ್ಳುವವರು ಅರ್ಧಕ್ಕಿಳಿದಿದ್ದಾರೆ, ನಿಂತುಹೋಗುವ ಹೆದರಿಕೆ ಅವರಿಗೂ ಇದೆ. ಮುಂದಿನ ತಿಂಗಳಿಂದ ಅಕ್ಷರಗಳನ್ನೆಲ್ಲ ಕಂಪ್ಯೂಟರಿನಲ್ಲೇ ಹಾಕಲಾಗುವುದು, ಬಸ್ಸಿನ ಕಟ್ಟು ಇನ್ನು ಬರುವುದಿಲ್ಲ ಎಂಬುದನ್ನೂ ಅದೇ ಫೋನಿನಲ್ಲಿ ತಿಳಿಸಿದರು.

"ಈಗ ಎಷ್ಟ ಬೇಕಾದ್ರ ಅಷ್ಟ ಮಾತ ಹಿಡಸತಾವ್ರಿ," ಎನ್ನುತ್ತಾರೆ ನೀಲಮ. "ಅಕ್ಷರ ಸಣ್ಣ ಮಾಡಿದ್ರ ಆತು. ಯಾರೂ ಏನೂ ಬಿಡೂ ಕಾರಣಾನ ಇಲ್ಲ."

ನಸುಕಿನಲ್ಲಿ ಏಳುವ ರೂಢಿ ಮಾತ್ರ ಬಿಟ್ಟಿಲ್ಲ. ಸಕ್ಕುಬಾಯಿ ಗೋಡೆಗೆ ಒರಗಿ, ಇವತ್ತು ಏನು ಬಂದಿದೆ, ಓದು ಎನ್ನುತ್ತಾರೆ. ನೀಲಮ ಟ್ರಂಕಿನಿಂದ ಹಳೆಯ ಸಂಚಿಕೆ ತೆಗೆದು ಓದುತ್ತಾರೆ. ಎರಡು ಪುಟ ದಾಟುವಷ್ಟರಲ್ಲಿ ತಾಯಿಗೆ ಗುರುತು ಸಿಗುತ್ತದೆ. ಇದು ಆಗಿಹೋದದ್ದಲ್ಲವೇ ಎನ್ನುತ್ತಾರೆ. ಹೌದು ಆಯಿ, ಆಗಿಹೋದದ್ದು ಎಂದು ಮಗಳು ಪುಸ್ತಕ ಮುಚ್ಚುತ್ತಾರೆ.

ಈ ಬೆಳಿಗ್ಗೆ ಮಣೆಯ ಮೇಲಿರುವುದು ಎರಡನೆಯ ಪ್ರತಿ. ಮೊದಲನೆಯದು ಅವರ ಸ್ವಂತದ್ದು, ನಿನ್ನೆ ತಿದ್ದಿ ಮುಗಿಸಿದ್ದಾರೆ. ಇದು ಊರಿನ ಗ್ರಂಥಾಲಯದ್ದು. ಬಿಳಿಯ ಮೇಲೆ ನಾಲ್ಕು ಪದ ಬರೆದು, ಹಿಡಿದ ಉಸಿರು ಬಿಟ್ಟು, ಮಸಿ ಆರಿದ ಮೇಲೆ ಸೆರಗಿನಲ್ಲಿ ಸುತ್ತಿಕೊಂಡು ಹೊರಡುತ್ತಾರೆ. ಶಾಲೆಯ ಒಲೆ ಹಚ್ಚಲು ಇನ್ನೂ ಹೊತ್ತಿದೆ.

ಗ್ರಂಥಾಲಯ ನೋಡಿಕೊಳ್ಳುವ ಬಾಳಾಸಾಬ ಆಗತಾನೇ ಬಾಗಿಲು ತೆರೆದಿದ್ದಾರೆ. ನೀಲಮ ಮುಚ್ಚಿಡುವುದಿಲ್ಲ, ಪುಟ ತೆಗೆದೇ ಕೊಡುತ್ತಾರೆ. ಬಾಳಾಸಾಬ ಕನ್ನಡಕ ಏರಿಸಿ ನೋಡಿ, ಬೆರಳಿನಿಂದ ಗೋಡೆ ತೋರಿಸುತ್ತಾರೆ. ಅಲ್ಲೊಂದು ಬೋರ್ಡಿದೆ: ಪುಸ್ತಕದಲ್ಲಿ ಏನನ್ನೂ ಬರೆಯಬಾರದು.

"ಈ ಬೋರ್ಡ ಬರದಾವರು ಯಾರ್ರಿ ನೀಲಮಬಾಯಿ?"

"ನಾನ ಬರದೀನ್ರಿ."

"ಮತ್ತ?"

ನೀಲಮ ರಾಣಿಯ ಬಲೂನಿನ ಮೇಲೆ ಬೆರಳಿಡುತ್ತಾರೆ. ಬಾಳಾಸಾಬ ಇನ್ನೊಮ್ಮೆ ಪುಟ ನೋಡುತ್ತಾರೆ. ಈ ಸಲ ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಸಂಚಿಕೆಯನ್ನು ಓದುವ ಮೇಜಿನ ಮೇಲೆ, ಮೇಲುಗಡೆಯೇ ಇಡುತ್ತಾರೆ. ಈಗ ಮಕ್ಕಳು ಇತ್ತ ಬರುವುದೇ ಕಡಿಮೆ, ಮಾರ್ಚ್ ಕೊನೆಗೆ ಹಳೆಯ ಸಂಚಿಕೆಗಳನ್ನೆಲ್ಲ ರದ್ದಿಗೆ ಹಾಕಬೇಕು ಎಂದೂ ತಿಳಿಸುತ್ತಾರೆ. ಮೊದಲೇ ಹೇಳಿಬಿಡುವುದು ಒಳ್ಳೆಯದು ಎಂಬ ದನಿಯಲ್ಲಿ.

ನೀಲಮ ಮೇಜಿನ ಬಳಿ ಹೋಗಿ, ಮಡಿಸಿಕೊಂಡ ಪುಟದ ಮೂಲೆಯನ್ನು ಹೆಬ್ಬೆರಳಿನಿಂದ ನೇರ ಮಾಡುತ್ತಾರೆ.

"ಮಾರ್ಚ ತನಕಾ ಐತಲ್ರಿ," ಎನ್ನುತ್ತಾರೆ. "ಇರ್ಲಿ ಬಿಡ್ರಿ."